ಎಸ್‌ಜಿಪಿಟಿ ಇಳಿದ ದಿನ

ತಮ್ಮನ ಕತ್ತಿನ ಬಲಗಡೆ ನೆಲ್ಲಿಕಾಯಿಯಷ್ಟು ದಪ್ಪದ ಗಂಟು ಎದ್ದದ್ದನ್ನು ಮೊದಲು ಕಂಡವಳು ನಾನು. ಭಾನುವಾರ ಬೆಳಿಗ್ಗೆ ಅವನು ಬನಿಯನ್ನಿನಲ್ಲಿ ಕೂತು ಲೂಚಿ, ಅಂದರೆ ಮೈದಾ ಪೂರಿ, ತಿನ್ನುತ್ತಿದ್ದ. "ಏನಲೇ ಅದು?" ಎಂದೆ. ಮುಟ್ಟಿ ನೋಡಿಕೊಂಡು, "ಏನೋ ಗಂಟು. ನೋವಿಲ್ಲ, ಬಿಡು ಅಕ್ಕಾ" ಎಂದ.

ನಾವಿಬ್ಬರೂ ಆಗ ಕೋಲ್ಕತ್ತದ ಜಾದವ್‌ಪುರದಲ್ಲಿ, ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಮಹಡಿ ಮನೆಯಲ್ಲಿದ್ದೆವು. ನನಗೆ ಖಿದಿರ್‌ಪುರದಲ್ಲಿ, ಬಂದರಿನ ಕಚೇರಿಯಲ್ಲಿ ಕೆಲಸ. ಅವನು ನನಗಿಂತ ಒಂಬತ್ತು ವರ್ಷ ಚಿಕ್ಕವನು. ನದಿಯ ಹೂಳಿನ ಬಗ್ಗೆ ಸಂಶೋಧನೆ ಮಾಡಲೆಂದು ನನ್ನ ಹಿಂದೆಯೇ ಇಲ್ಲಿಗೆ ಬಂದಿದ್ದ. ಅಪ್ಪ ಬೇಗ ತೀರಿಕೊಂಡಿದ್ದರು. ಧಾರವಾಡದಲ್ಲಿ ಅವ್ವ ಶಾಲೆಗೆ ಪಾಠ ಹೇಳಲು ಹೋದರೆ ಅವನ ಊಟ, ಸ್ನಾನ, ಅಭ್ಯಾಸ ಎಲ್ಲ ನನ್ನ ಪಾಲಿಗೆ. ಅವನನ್ನು ಗದರುವ ಹಕ್ಕು ನನ್ನದು ಎಂಬುದನ್ನು ಇಬ್ಬರೂ ಎಂದೋ ಒಪ್ಪಿಕೊಂಡುಬಿಟ್ಟಿದ್ದೆವು.

ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಕ್ಷಯ. ಶ್ವಾಸಕೋಶದ್ದಲ್ಲ, ಕತ್ತಿನ ಗ್ರಂಥಿಯದು. ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ ಎಂದರು. ಔಷಧ ಕೊಟ್ಟಾಕೆ ಎರಡು ಮಾತುಗಳನ್ನು ಒತ್ತಿ ಹೇಳಿದಳು. ಒಂದು ದಿನವೂ ತಪ್ಪಿಸಬಾರದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಔಷಧದ ಬಣ್ಣ, ಹೆದರಬಾರದು. ಮೂರನೆಯ ಮಾತೂ ಒಂದಿತ್ತು. ಹಸಿವು ಸತ್ತರೆ, ವಾಂತಿ ಶುರುವಾದರೆ ಕೂಡಲೇ ಬನ್ನಿ ಎಂಬುದು. ಅದು ಅವಳು ಕೈಗಿತ್ತ ಚೀಟಿಯಲ್ಲಿ ಬಂಗಾಳಿಯಲ್ಲಿ ಅಚ್ಚಾಗಿತ್ತು. ನನಗೆ ಬಂಗಾಳಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಚೀಟಿಯನ್ನು ಮಡಚಿ ಫೈಲಿನಲ್ಲಿಟ್ಟೆ.

ಗುಳಿಗೆ ಶುರುಮಾಡುವ ಮುಂಚೆ ಅವನ ರಕ್ತ ತೆಗೆದು ಲಿವರ್ ಪರೀಕ್ಷೆಯನ್ನೂ ಮಾಡಿದ್ದರು. ಎಸ್‌ಜಿಪಿಟಿ ಎಂಬುದರ ಎದುರು ಇಪ್ಪತ್ತಾರು ಎಂದಿತ್ತು. ಪಕ್ಕದಲ್ಲಿ, ನಲವತ್ತರವರೆಗೆ ಇರಬಹುದು ಎಂಬ ಸೂಚನೆ. ಹಾಗೆಂದರೆ ಏನೆಂದು ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾಲ್ಕು ಗುಳಿಗೆ. ನಾನು ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದೆ. ನುಂಗಿದ ಮೇಲೆ ನಾಲಿಗೆ ತೋರಿಸು ಎನ್ನುತ್ತಿದ್ದೆ. ಅವನು ಕಣ್ಣು ದೊಡ್ಡದು ಮಾಡಿ, ಚಿಕ್ಕ ಹುಡುಗನ ಹಾಗೆ ಉದ್ದಕ್ಕೆ ನಾಲಿಗೆ ಚಾಚುತ್ತಿದ್ದ. ಮೂರು ವಾರದಲ್ಲಿ ಗಂಟು ಕರಗಿ ಕಡಲೆಕಾಳಿನಷ್ಟಾಯಿತು. ಔಷಧ ನಾಟಿತು ಎಂದು ಅವ್ವನಿಗೆ ಫೋನ್ ಮಾಡಿದೆ.

ನಾಲ್ಕನೆಯ ವಾರ ಅವನು ಊಟ ಬಿಡತೊಡಗಿದ. ಕೆಳಗಿನ ಮನೆಯ ಮಾಶಿ, ನಮ್ಮ ಮನೆಯೊಡತಿ, ಅವನಿಗೆಂದೇ ಝೋಲ್, ತೆಳು ಮೀನಿನ ಸಾರು, ಕಳಿಸುತ್ತಿದ್ದರು. ಅವ್ವನಿಗೆ ಗೊತ್ತಿಲ್ಲದಂತೆ ಮೀನು ಕಲಿತು, ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು ಈಗ ಡಬ್ಬಿಯ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ.

"ಅಕ್ಕಾ, ಇವತ್ತೊಂದಿನ ಬ್ಯಾಡ. ಹೊಟ್ಟಿ ತೊಳಸ್ತೈತಿ."

"ಒಂದಿನಾನೂ ತಪ್ಪಸಬಾರ್ದು ಅಂತ ಹೇಳ್ಯಾರಿಲ್ಲೋ? ನುಂಗು."

"ನಿನ್ನೆ ತಿಂದಿದ್ದೂ ಒಳಗ ಉಳಿದಿಲ್ಲ ಅಕ್ಕಾ."

"ನಡುವ ಬಿಟ್ರ ರೋಗ ಹೊಳ್ಳಿ ಬರ್ತೈತಿ. ಆಮ್ಯಾಲೆ ಯಾವ ಗುಳಿಗೀನೂ ಹತ್ತೂದಿಲ್ಲ. ನಾಟಕಾ ಮಾಡಬ್ಯಾಡ."

ಅವನು ನುಂಗಿದ. ಒಮ್ಮೆ ನುಂಗಿದ್ದು ಐದು ನಿಮಿಷಕ್ಕೆ ವಾಂತಿಯಾಗಿ ಹೋಯಿತು. ನಾನು ಮತ್ತೆ ನಾಲ್ಕು ಗುಳಿಗೆ ಬಿಡಿಸಿ ಕೊಟ್ಟೆ. ಹನ್ನೊಂದು ದಿನ ಹೀಗೆ ನಡೆಯಿತು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೆ ಎಂದು ಅವನು ಒಮ್ಮೆ ಹೇಳಿದ್ದ. ಔಷಧದ ಬಣ್ಣ, ಹೆದರಬಾರದು ಎಂದು ನಾನೇ ಸಮಾಧಾನ ಹೇಳಿದ್ದೆ.

ಹನ್ನೆರಡನೆಯ ದಿನ ಅವನು ಮೆಟ್ಟಿಲಿಳಿದು ಬಿಸಿಲಿಗೆ ಬಂದಾಗ ಮಾಶಿ ಅವನ ಗಲ್ಲ ಹಿಡಿದು ಮುಖ ಎತ್ತಿದರು. "ಚೋಖ್ ತೋ ಹೋಲುದ್!" ಎಂದು ಕೂಗಿದರು. ಕಣ್ಣು ಹಳದಿಯಾಗಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ದಿನಾ ಅವನ ಎದುರು ನಿಲ್ಲುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ಅಂದಿನ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಸಾವಿರದ ಇನ್ನೂರ ನಲವತ್ತು. ಗುಳಿಗೆಗಳನ್ನು ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿಕೊಂಡರು. ಕ್ಷಯದ ಔಷಧ ಕೆಲವರ ಲಿವರಿಗೆ ಆಗುವುದಿಲ್ಲ, ಯಾರಿಗೆ ಎಂದು ಮೊದಲೇ ಹೇಳಲು ಬರುವುದಿಲ್ಲ ಎಂದರು. ಎಷ್ಟು ದಿನದಿಂದ ವಾಂತಿ ಎಂದು ಕೇಳಿದಾಗ ನಾನು ತಲೆ ತಗ್ಗಿಸಿ "ಹನ್ನೊಂದು" ಎಂದೆ. ಬರೆದುಕೊಳ್ಳುತ್ತಿದ್ದ ಡಾಕ್ಟರ್ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು, ಮತ್ತೆ ಬರೆದುಕೊಂಡರು.

ಅವ್ವ ಮರುದಿನವೇ ವಿಮಾನದಲ್ಲಿ ಬಂದಳು. ಡಮ್ ಡಮ್ ವಿಮಾನ ನಿಲ್ದಾಣದಿಂದ ಆಸ್ಪತ್ರೆಯವರೆಗೂ ಟ್ಯಾಕ್ಸಿಯಲ್ಲಿ ಒಂದೇ ಪ್ರಶ್ನೆ: "ನಂಬರ್ ಎಷ್ಟೈತಿ ಈಗ?" ನಮ್ಮಿಬ್ಬರಿಗೂ ಆ ಒಂದು ಅಂಕಿಯೇ ಅವನ ಜೀವವಾಗಿಬಿಟ್ಟಿತ್ತು. ಅದು ಇಳಿಯಿತು ಕೂಡ. ಏಳುನೂರ ಅರವತ್ತು. ಮುನ್ನೂರ ಹತ್ತು. ಆರನೆಯ ದಿನ ನೂರ ಇಪ್ಪತ್ತು. ಅವ್ವ ಕಾರಿಡಾರಿನಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತಳು. ನಾನು ಓಡಿಹೋಗಿ ಎದುರಿನ ಮಿಠಾಯಿ ಅಂಗಡಿಯಿಂದ ಒಂದು ಡಬ್ಬಿ ಸಂದೇಶ್ ತಂದೆ. ನರ್ಸುಗಳಿಗೆ ಕೊಟ್ಟೆ, ಉಳಿದದ್ದನ್ನು ಹಿಡಿದು ಡಾಕ್ಟರ ಕೋಣೆಗೆ ಹೋದೆ.

ಅವರು ನನ್ನದೇ ವಯಸ್ಸಿನ ಬಂಗಾಳಿ ಹೆಂಗಸು. ಡಬ್ಬಿಯನ್ನು ತೆಗೆದುಕೊಳ್ಳಲಿಲ್ಲ. "ಕೂತುಕೊಳ್ಳಿ" ಎಂದರು. "ಏನು ಇಳಿಯಿತು ಅಂತ ಖುಷಿಯಾಗಿದ್ದೀರಿ?"

"ಎಸ್‌ಜಿಪಿಟಿ."

ಅವರು ಆರು ದಿನದ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ನನಗೆ ಇವತ್ತಿಗೂ ಮಾತುಮಾತಾಗಿ ನೆನಪಿದೆ. "ಈ ಎಸ್‌ಜಿಪಿಟಿ ಇರುವುದು ಲಿವರಿನ ಜೀವಕೋಶದ ಒಳಗೆ. ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ಸಾವಿರಕ್ಕೆ ಏರಿದೆ ಅಂದರೆ ಬಹಳ ಕೋಶ ಒಡೆಯುತ್ತಿವೆ ಅಂತ ಅರ್ಥ. ಇಳಿಯುವುದಕ್ಕೆ ಎರಡು ಕಾರಣ ಇರಬಹುದು. ಒಡೆಯುವುದು ನಿಂತಿರಬೇಕು. ಇಲ್ಲವೇ ಒಡೆಯಲು ಹೆಚ್ಚು ಕೋಶಗಳೇ ಉಳಿದಿಲ್ಲದಿರಬೇಕು."

ನಾನು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ.

"ಯಾವುದು ನಿಜ ಅಂತ ತಿಳಿಯಬೇಕಾದರೆ ಬೇರೆ ಸಾಲು ನೋಡಬೇಕು" ಎಂದು ಅವರು ಬೆರಳಿಟ್ಟು ತೋರಿಸಿದರು. ಬಿಲಿರುಬಿನ್, ಅಂದರೆ ಕಣ್ಣಿಗೆ ಹಳದಿ ಬಣ್ಣ ತರುವ ವಸ್ತು: ಒಂಬತ್ತು, ಹದಿನಾಲ್ಕು, ಇಪ್ಪತ್ತೆರಡು. ಅದನ್ನು ಲಿವರ್ ಹೊರಹಾಕಬೇಕು, ಹಾಕುತ್ತಿಲ್ಲ. ಅದರ ಕೆಳಗೆ ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಬೇಕಾದದ್ದನ್ನು ಲಿವರ್ ತಯಾರಿಸುತ್ತಿದೆಯೇ ಎಂದು ತೋರಿಸುವ ಅಂಕಿ. ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು ನಾಲ್ಕಕ್ಕೆ ಬಂದಿತ್ತು. ಆರು ದಿನವೂ ಅದೇ ಹಾಳೆಯಲ್ಲೇ ಈ ಸಾಲುಗಳಿದ್ದವು. ನಾವು ಓದಿರಲಿಲ್ಲ.

ಹೊರಗೆ ಬಂದಾಗ ಅವ್ವ ಯಾರಿಗೋ ಫೋನಿನಲ್ಲಿ, "ಇಳದೈತ್ರಿ, ನೂರಾ ಇಪ್ಪತ್ತಕ್ಕ ಬಂದೈತ್ರಿ" ಎನ್ನುತ್ತಿದ್ದಳು. ಅವಳು ಮಾತು ಮುಗಿಸುವವರೆಗೆ ಕಾದು, ಎದುರಿಗೆ ಕೂತು ಹೇಳಿದೆ. ಅವಳು ಅಳಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. "ಹಂಗಾದ್ರ ನಾವು ಉಲ್ಟಾ ಓದಿದ್ವಿ" ಎಂದಷ್ಟೇ ಅಂದಳು.

ಲಿವರ್ ಕಸಿ ಒಂದೇ ದಾರಿ ಎಂದರು. ನನ್ನದರಲ್ಲಿ ಅರ್ಧ ಕೊಡುತ್ತೇನೆ ಎಂದೆ. ನನ್ನ ರಕ್ತ ತೆಗೆದರು. ಗುಂಪು ಹೊಂದಿತು. ನನ್ನ ಎಸ್‌ಜಿಪಿಟಿ ಹತ್ತೊಂಬತ್ತು, ಬಿಲಿರುಬಿನ್ ಒಂದಕ್ಕಿಂತ ಕಡಿಮೆ. ಒಂದೊಂದು ಸಾಲೂ ಇರಬೇಕಾದ ಮಿತಿಯೊಳಗೆ. ಆ ಹಾಳೆಯನ್ನು ನೋಡಿ ನನಗೆ ನಾಚಿಕೆಯಾಯಿತು.

ಎಂಟನೆಯ ದಿನ ಅವನ ಮನಸ್ಸು ಎಲ್ಲೆಲ್ಲೋ ಅಲೆಯತೊಡಗಿತ್ತು. ಶುದ್ಧಿಯಾಗದ ರಕ್ತ ಮಿದುಳಿಗೆ ಹೋಗುತ್ತಿದೆ ಎಂದರು. ಅವ್ವನನ್ನು ಗುರುತಿಸಲಿಲ್ಲ. ನಾನು ಅವನ ತುಟಿ ಒದ್ದೆ ಮಾಡಲೆಂದು ನೀರಿನ ಲೋಟ ಹಿಡಿದು ಹತ್ತಿರ ಹೋದೆ. ಅವನು ಲೋಟ ನೋಡಿದ, ನನ್ನ ಮುಖ ನೋಡಿದ. "ನುಂಗೀನಿ ಅಕ್ಕಾ" ಎಂದ. ಒಣಗಿದ ನಾಲಿಗೆಯನ್ನು ಚಾಚಿ ತೋರಿಸಿದ.

ಅದೇ ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ಮರುದಿನ ರಕ್ತಕ್ಕೆ ಸೋಂಕು ತಗುಲಿತು; ಆ ಸ್ಥಿತಿಯಲ್ಲಿ ಕಸಿ ಮಾಡಲಾಗದು ಎಂದರು. ಹತ್ತನೆಯ ದಿನ ಮಧ್ಯಾಹ್ನ, ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ, ಹೋಗಿಬಿಟ್ಟ. ಇಪ್ಪತ್ತೇಳು ವರ್ಷ.

ತಿಂಗಳ ನಂತರ ನಾನೊಬ್ಬಳೇ ಆ ಡಾಕ್ಟರ ಹತ್ತಿರ ಹೋದೆ. ವಾಂತಿಯಾದ ಮೊದಲನೆಯ ದಿನವೇ ಗುಳಿಗೆ ನಿಲ್ಲಿಸಿ ಕರೆತಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. "ಬಹಳ ಜನ ಉಳಿಯುತ್ತಾರೆ. ಇವನು ಉಳಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಸುಳ್ಳು ಹೇಳಲಾರೆ" ಎಂದರು. ಗುಳಿಗೆ ತಪ್ಪಿಸಬಾರದು ಎಂದದ್ದು ತಪ್ಪಲ್ಲ, ಅದೇ ಗುಳಿಗೆಯಿಂದ ಲೆಕ್ಕವಿಲ್ಲದಷ್ಟು ಜನ ಬದುಕಿದ್ದಾರೆ, ವಾಂತಿಯಾದಾಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು ಅಷ್ಟೇ ಎಂದೂ ಹೇಳಿದರು. ಆ "ಅಷ್ಟೇ"ಯನ್ನು ಹೊತ್ತುಕೊಂಡು ಬಸ್ ಹತ್ತಿದೆ.

ಅವ್ವ ಊರಿಗೆ ಹೊರಟ ದಿನ ಹೌರಾ ಸ್ಟೇಷನ್ನಿನಲ್ಲಿ, ರೈಲು ಬಿಡಲು ಇನ್ನೂ ಸಮಯವಿತ್ತು. ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ನಾನು ಆಡಿದೆ. "ಅವ್ವಾ, ಅಂವ ಒಲ್ಲೆ ಅಂತಿದ್ದ. ನಾನಽ ಬಡದು ನುಂಗಿಸಿದಂಗ ನುಂಗಿಸಿದೆ."

ಅವಳು ಕಿಟಕಿಯ ಸರಳು ಹಿಡಿದು ನನ್ನ ಕಡೆ ಬಾಗಿದಳು.

"ನನಗೂ ಫೋನ್ ಮಾಡಿದ್ದ," ಎಂದಳು. "ಅಕ್ಕಗ ನೀನರ ಒಂದು ಮಾತು ಹೇಳು ಅಂದಿದ್ದ. ಅಕ್ಕ ಹೇಳಿದಂಗ ಕೇಳು ಅಂತ ಹೇಳಿ ಇಟ್ಟೆ."

ಇದನ್ನು ಅವಳು ನನ್ನ ಸಮಾಧಾನಕ್ಕೆ ಹೇಳಿದಳೋ, ತನ್ನ ಭಾರ ಇಳಿಸಲು ಹೇಳಿದಳೋ ನನಗೆ ತಿಳಿಯಲಿಲ್ಲ. ರೈಲು ಹೊರಟಿತು. ಅಂದಿನಿಂದ ನಾವಿಬ್ಬರೂ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ, ಊಟ, ಹವೆ, ಅವಳ ಮಂಡಿನೋವು. ಆ ಹನ್ನೊಂದು ದಿನಗಳ ಮಾತು ನಮ್ಮ ನಡುವೆ ಮತ್ತೆ ಬಂದಿಲ್ಲ.