ಮೂವರ ಫೈಲುಗಳಲ್ಲಿದ್ದ ಟ್ರೋಜನ್

2002ರಲ್ಲಿ ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥನಾಗಿದ್ದೆ. ಖಗೋಳ, ಜೀವರಸಾಯನ, ಪುರಾತತ್ತ್ವ ಈ ಮೂರೂ ವಿಭಾಗಗಳಿಗೆ ಸೇರಿ ಒಂದೇ ಸರ್ವರ್ ಇತ್ತು. ಯಾರಿಗೆ ಖಾತೆ ಕೊಡಬೇಕು, ಯಾರ ಖಾತೆ ಮುಚ್ಚಬೇಕು ಎಂಬುದೆಲ್ಲ ನನ್ನ ಕೈಯಲ್ಲಿತ್ತು. ಆ ಅಧಿಕಾರವನ್ನು ನಾನು ಒಮ್ಮೆ ಬಳಸಿದ ರೀತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷದ ಜುಲೈನಲ್ಲಿ ಜೀವರಸಾಯನದವರ ಪ್ರಯೋಗದ ಮಾಹಿತಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಣೆಯಾಯಿತು. ಅದೇ ವಾರ ನಮ್ಮಲ್ಲಿನ ಹಲವರ ಹೆಸರಿನಲ್ಲಿ ಅವರೇ ಬರೆಯದ ಇಮೇಲ್‌ಗಳು ಹೊರಗೆ ಹೋದವು. ಯಾವುದೋ ಪ್ರೋಗ್ರಾಮ್ ನಮ್ಮ ಪಾಸ್‌ವರ್ಡ್‌ಗಳನ್ನು ಕದಿಯುತ್ತಿದೆ ಎಂಬುದು ಖಚಿತವಾಯಿತು. ಇಂಥದ್ದಕ್ಕೆ ನಮ್ಮ ವೃತ್ತಿಯಲ್ಲಿ ಟ್ರೋಜನ್ ಎನ್ನುತ್ತಾರೆ. ಗ್ರೀಕರು ಮರದ ಕುದುರೆಯೊಳಗೆ ಸೈನಿಕರನ್ನು ಅಡಗಿಸಿ ಟ್ರಾಯ್ ನಗರದೊಳಗೆ ಕಳಿಸಿದ ಕಥೆಯಿಂದ ಬಂದ ಹೆಸರು ಅದು. ಹೊರಗಿನಿಂದ ನೋಡಿದರೆ ಉಪಯೋಗದ ವಸ್ತು, ಒಳಗೆ ಶತ್ರು.

ನಿರ್ದೇಶಕರು ನನ್ನನ್ನು ಕರೆದು, ಎರಡು ದಿನದಲ್ಲಿ ಇದು ಯಾರ ಕೆಲಸವೆಂದು ತಿಳಿಯಬೇಕು ಎಂದರು. ನಾನು ಅವಸರದಲ್ಲಿ, ಕೈಗೆ ಮೊದಲು ಸಿಕ್ಕ ದಾರಿ ಹಿಡಿದೆ. ಸರ್ವರ್‌ನಲ್ಲಿದ್ದ ಎಲ್ಲರ ಫೈಲುಗಳಲ್ಲೂ 'ಟ್ರೋಜನ್' ಎಂಬ ಪದವನ್ನು ಹುಡುಕಲು ಯಂತ್ರಕ್ಕೆ ಆಜ್ಞೆ ಕೊಟ್ಟೆ. ಮೂವರ ಹೆಸರು ಬಂದವು.

ಮೊದಲನೆಯವರು ಡಾ. ಪರಾಂಜಪೆ, ಜೀವರಸಾಯನದ ಹಿರಿಯ ಪ್ರಾಧ್ಯಾಪಕರು. ಫೋನ್ ಮಾಡಿದೆ. ಬ್ಯಾಕ್ಟೀರಿಯಾಗಳಿಗೆ ಕಬ್ಬಿಣದ ಅಂಶ ಬೇಕು, ಕಬ್ಬಿಣವನ್ನು ಹೊತ್ತೊಯ್ಯುವ ಅಣುವಿಗೆ ಔಷಧವನ್ನು ಅಂಟಿಸಿಬಿಟ್ಟರೆ ಬ್ಯಾಕ್ಟೀರಿಯಾ ತಾನಾಗಿಯೇ ಅದನ್ನು ಒಳಗೆ ಸೆಳೆದುಕೊಂಡು ಸಾಯುತ್ತದೆ, ಅದಕ್ಕೆ ತಮ್ಮಲ್ಲಿ ಟ್ರೋಜನ್ ವಿಧಾನ ಎನ್ನುತ್ತಾರೆ ಎಂದು ನಗುತ್ತಲೇ ವಿವರಿಸಿದರು. ಎರಡನೆಯವರು ಪುರಾತತ್ತ್ವದ ಒಬ್ಬ ನಿವೃತ್ತ ವಿದ್ವಾಂಸರು. ಟ್ರಾಯ್ ನಗರದ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳ ಕುರಿತು ಲೇಖನ ಬರೆಯುತ್ತಿದ್ದರು. ಅವರಿಗೂ ಫೋನ್ ಮಾಡಿ, ಕ್ಷಮೆ ಕೇಳಿ ಇಟ್ಟೆ.

ಮೂರನೆಯ ಹೆಸರು ಮಹಾದೇವಿ. ಖಗೋಳ ವಿಭಾಗದಲ್ಲಿ ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದಳು. ಅವಳ ತಂದೆ ಕಲಬುರ್ಗಿ ಕಡೆಯಿಂದ ಬಂದು ದೌಂಡ ಜಂಕ್ಷನ್‌ನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಅವಳು ದಿನವೂ ದೌಂಡದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ಖಾತೆಯಲ್ಲಿ ಟ್ರೋಜನ್ ಎಂಬ ಹೆಸರಿನವೇ ನಲವತ್ತೊಂದು ಫೈಲುಗಳಿದ್ದವು. ಅಷ್ಟೇ ಅಲ್ಲದೆ ಅವಳ ಒಂದು ಪ್ರೋಗ್ರಾಮ್ ಇಪ್ಪತ್ತಮೂರು ದಿನಗಳಿಂದ ನಿಲ್ಲದೆ ಓಡುತ್ತಿತ್ತು.

ಅವಳಿಗೆ ನಾನು ಫೋನ್ ಮಾಡಲಿಲ್ಲ. ಅವಳ ಕೋಣೆ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿಯೂ ಹೋಗಲಿಲ್ಲ. ಖಾತೆ ಮುಚ್ಚಿದೆ, ಪ್ರೋಗ್ರಾಮ್ ನಿಲ್ಲಿಸಿದೆ. ಅದು ಬರೆಯುತ್ತಿದ್ದ ತಾತ್ಕಾಲಿಕ ಫೈಲುಗಳನ್ನು ಸೋಂಕು ಹರಡದಿರಲೆಂದು ಅಳಿಸಿಹಾಕಿದೆ. ವರದಿಯಲ್ಲಿ 'ಸಂಶಯಾಸ್ಪದ ಬಳಕೆದಾರರು: ಒಬ್ಬರು' ಎಂದು ಬರೆದು ಸಹಿ ಮಾಡಿದೆ. ನಿರ್ದೇಶಕರು ವಿಚಾರಣೆ ಮುಗಿಯುವವರೆಗೆ ಅವಳು ಸಂಸ್ಥೆಯೊಳಗೆ ಬರಕೂಡದು ಎಂದು ಆದೇಶಿಸಿದರು.

ಐದನೆಯ ದಿನ ಮಧ್ಯಾಹ್ನ ಅವಳ ತಂದೆ ಶಿವಶರಣಪ್ಪ ನನ್ನ ಕೋಣೆಗೆ ಬಂದರು. ಡ್ಯೂಟಿಯಿಂದ ನೇರವಾಗಿ ಬಂದಿದ್ದರು, ಸಮವಸ್ತ್ರ ಇನ್ನೂ ಮೈಮೇಲಿತ್ತು. ಮರಾಠಿಯಲ್ಲಿ ಮಾತು ಶುರುಮಾಡಿದವರು ಬಾಗಿಲಿನ ಮೇಲಿದ್ದ ನನ್ನ ಹೆಸರು ನೋಡಿ ಕನ್ನಡಕ್ಕೆ ಬಂದರು.

"ಸಾಹೇಬ್ರ, ನನ್ನ ಮಗಳು ಏನು ಮಾಡ್ಯಾಳ್ರಿ? ಮನ್ಯಾಗ ಮಾತೇ ಆಡವಲ್ಲಳು. ಕಳವು ಮಾಡ್ಯಾಳೇನಂತ ಕ್ವಾರ್ಟರ್ಸಿನ ಮಂದಿ ನನ್ನ ಕೇಳಲತ್ತಾರ. ನಾ ಏನಂತ ಹೇಳ್ಲಿ?"

ವಿಚಾರಣೆ ನಡೆಯುತ್ತಿದೆ, ಈಗ ಏನೂ ಹೇಳಲು ಬರುವುದಿಲ್ಲ ಎಂದೆ. ಅವರು ನಿಂತೇ ಇದ್ದರು. ಕೂತುಕೊಳ್ಳಿ ಎಂದು ಹೇಳಬೇಕೆಂಬುದು ಕೂಡ ನನಗೆ ಹೊಳೆಯಲಿಲ್ಲ. ಅವರು ನಮಸ್ಕರಿಸಿ ಹೋದರು.

ಹನ್ನೊಂದನೆಯ ದಿನ ಸಮಿತಿ ಕೂಡಿತು. ನಿರ್ದೇಶಕರು, ಡಾ. ಪರಾಂಜಪೆ, ನಾನು. ಮಹಾದೇವಿ ತಿಳಿನೀಲಿ ಸಲ್ವಾರ್ ತೊಟ್ಟು ಬಂದಳು. ಕೈಯಲ್ಲಿ ಕಾಗದದ ಒಂದು ಕಟ್ಟು ಇತ್ತು. ಅಪ್ಪಣೆ ಕೇಳಿ ಕಪ್ಪುಹಲಗೆಯ ಮೇಲೆ ಸೂರ್ಯನನ್ನೂ ಗುರುಗ್ರಹವನ್ನೂ ಬರೆದಳು. ಗುರು ಸುತ್ತುವ ಹಾದಿಯಲ್ಲೇ, ಅದಕ್ಕಿಂತ ಅರವತ್ತು ಡಿಗ್ರಿ ಮುಂದೆ ಒಂದು ಗುಂಪು, ಅರವತ್ತು ಡಿಗ್ರಿ ಹಿಂದೆ ಇನ್ನೊಂದು ಗುಂಪು ಸಣ್ಣ ಕಲ್ಲುಗಳಿವೆ. ಅಲ್ಲಿ ಸೂರ್ಯನ ಸೆಳೆತ, ಗುರುವಿನ ಸೆಳೆತ ಮತ್ತು ಆ ಕಲ್ಲುಗಳ ಚಲನೆ ಒಂದಕ್ಕೊಂದು ಸರಿದೂಗುವುದರಿಂದ ಅವು ಆಚೀಚೆ ತೂಗಾಡಿದರೂ ಬಹುಪಾಲು ಅಲ್ಲೇ ಉಳಿಯುತ್ತವೆ. ಟ್ರಾಯ್ ಯುದ್ಧದ ವೀರರ ಹೆಸರುಗಳನ್ನು ಅವುಗಳಿಗೆ ಇಟ್ಟಿದ್ದರಿಂದ ಟ್ರೋಜನ್ ಕ್ಷುದ್ರಗ್ರಹಗಳು ಎನ್ನುತ್ತಾರೆ. ಕೋಟ್ಯಂತರ ವರ್ಷಗಳಲ್ಲಿ ಅವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ತಪ್ಪಿಸಿಕೊಂಡು ಹೋಗುತ್ತದೆ ಎಂದು ಅವಳ ಪ್ರೋಗ್ರಾಮ್ ಲೆಕ್ಕ ಹಾಕುತ್ತಿತ್ತು. ಇದನ್ನೆಲ್ಲ ಅವಳು ಇಂಗ್ಲಿಷಿನಲ್ಲಿ, ಹತ್ತೇ ನಿಮಿಷದಲ್ಲಿ, ದನಿ ಏರಿಸದೆ ಹೇಳಿದಳು.

ಡಾ. ಪರಾಂಜಪೆ ನನ್ನ ಕಡೆ ತಿರುಗಿ, ತಮ್ಮ ಫೈಲುಗಳಲ್ಲೂ ಈ ಪದ ಇತ್ತಲ್ಲ, ತಮಗೆ ಫೋನ್ ಮಾಡಿ ಕೇಳಿದವನು ಈಕೆಯನ್ನು ಯಾಕೆ ಕೇಳಲಿಲ್ಲ ಎಂದರು. ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ಅವರು ಪ್ರಾಧ್ಯಾಪಕರು, ಇವಳು ಪಾಯಿಂಟ್ಸ್‌ಮನ್‌ನ ಮಗಳು.

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಅವಳು ನನ್ನನ್ನು ನಿಲ್ಲಿಸಿ ಕನ್ನಡದಲ್ಲಿ ಕೇಳಿದಳು.

"ಸರ್, ಒಂದು ಮಾತು ಕೇಳ್ತೀನ್ರಿ. ಕದಿಯೋ ಪ್ರೋಗ್ರಾಮು ತನ್ನ ಫೈಲಿಗೆ ಟ್ರೋಜನ್ ಅಂತ ಯಾಕ ಹೆಸರು ಇಟ್ಕೋತದ್ರಿ?"

ಇಪ್ಪತ್ತು ವರ್ಷ ಸರ್ವೀಸು ಮಾಡಿದವನಿಗೆ ಆ ಪ್ರಶ್ನೆ ಮೊದಲ ದಿನವೇ ಬರಬೇಕಿತ್ತು.

ಮತ್ತೆ ಮೊದಲಿನಿಂದ ಹುಡುಕಿದೆ. ಈ ಸಲ ಪದವನ್ನಲ್ಲ, ಯಾವ ಯಂತ್ರದಿಂದ ಮಾಹಿತಿ ಹೊರಗೆ ಹೋಗುತ್ತಿದೆ ಎಂಬುದನ್ನು. ಮೂರು ದಿನದಲ್ಲಿ ಮೂಲ ಸಿಕ್ಕಿತು. ಹಬ್ಬಗಳ ಚಿತ್ರವಿದ್ದ ಒಂದು ಕ್ಯಾಲೆಂಡರ್ ಪ್ರೋಗ್ರಾಮ್ ಯಾರದೋ ಇಮೇಲ್‌ನಲ್ಲಿ ಬಂದಿತ್ತು. ಚೆನ್ನಾಗಿದೆಯೆಂದು ನಮ್ಮ ಕೇಂದ್ರದವರೇ ಹಲವು ಯಂತ್ರಗಳಿಗೆ ಅದನ್ನು ಹಾಕಿಕೊಟ್ಟಿದ್ದೆವು. ನನ್ನ ಮೇಜಿನ ಕಂಪ್ಯೂಟರಿನಲ್ಲೂ ಅದು ಇತ್ತು. ಅದರೊಳಗೆ ಎಲ್ಲಿ ಹುಡುಕಿದರೂ ಟ್ರೋಜನ್ ಎಂಬ ಪದ ಇರಲಿಲ್ಲ.

ಎರಡನೆಯ ವರದಿ ಬರೆಯುವಾಗ ನಿರ್ದೇಶಕರು 'ತಾಂತ್ರಿಕ ದೋಷದಿಂದ' ಎಂದು ಬರೆದರೆ ಸಾಕು ಎಂದರು. ನಾನು 'ಕೇಂದ್ರದ ಮುಖ್ಯಸ್ಥನ ತಪ್ಪಿನಿಂದ' ಎಂದೇ ಬರೆದೆ. ಇದರಲ್ಲಿ ದೊಡ್ಡತನವೇನೂ ಇಲ್ಲ. ಅಳಿಸಿದ ಫೈಲುಗಳನ್ನು ವಾಪಸು ತರುವುದು ನನ್ನಿಂದ ಆಗಲಿಲ್ಲ. ಮಹಾದೇವಿ ಆ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದಳು. ಪ್ರಬಂಧ ತಡವಾಯಿತು. ಹೊರದೇಶದ ಒಂದು ವೀಕ್ಷಣಾಲಯದವರು ಅವಳಿಗಾಗಿ ಇಟ್ಟಿದ್ದ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು.

ವರದಿ ಕೊಟ್ಟ ಮೇಲಿನ ಭಾನುವಾರ ಸೋಲಾಪುರದ ಕಡೆ ಹೋಗುವ ರೈಲು ಹತ್ತಿ ದೌಂಡಕ್ಕೆ ಹೋದೆ. ಶಿವಶರಣಪ್ಪನವರ ಕ್ವಾರ್ಟರ್ಸ್ ಹಳಿಗಳ ಪಕ್ಕದಲ್ಲೇ ಇತ್ತು. ಅವರು ನನಗೆ ಕುರ್ಚಿ ಹಾಕಿ, ತಾವು ಮಂಚದ ತುದಿಯಲ್ಲಿ ಕೂತರು. ಅವರ ಹೆಂಡತಿ ಚಹಾ ತಂದಿಟ್ಟರು. ಮಹಾದೇವಿ ಒಳಗಿದ್ದಳು, ಹೊರಗೆ ಬರಲಿಲ್ಲ.

"ತಪ್ಪು ನಂದು," ಎಂದೆ. "ನಿಮ್ಮ ಮಗಳದು ಏನೂ ತಪ್ಪಿಲ್ಲ. ಅದನ್ನ ಹೇಳಾಕ ಬಂದೀನ್ರಿ. ಕಾಗದದಾಗೂ ಹಂಗೇ ಬರದೀನಿ."

ನಾನು ಚಾಚಿದ ವರದಿಯ ಪ್ರತಿಯನ್ನು ಅವರು ತೆಗೆದುಕೊಂಡು, ಓದದೆ, ಮಡಚಿ ಜೇಬಿನಲ್ಲಿಟ್ಟುಕೊಂಡರು.

"ಬಂದ್ರಿ, ಭಾಳ ಛಲೋ ಆಯ್ತ್ರಿ. ನಮ್ಮಂಥವರ ಮನಿಗೆ ಯಾರು ಬರ್ತಾರ? ಆದ್ರ ಸಾಹೇಬ್ರ, ಆ ಸುದ್ದಿ ಕೇಳಿದವ್ರ ಮನಿಗೆಲ್ಲ ನೀವು ಹೋಗಾಕ ಆಗೂದಿಲ್ಲಲ್ರಿ."

ಚಹಾ ಮುಗಿಸಿ ಎದ್ದೆ. ಸ್ಟೇಷನ್ನಿನವರೆಗೆ ಅವರು ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ನಾಲ್ಕೈದು ಮಂದಿ ಸಿಕ್ಕರು. ಪ್ರತಿಯೊಬ್ಬರನ್ನೂ ನಿಲ್ಲಿಸಿ, ಇವರು ಮಗಳ ಆಫೀಸಿನ ಸಾಹೇಬರು ಎಂದು ಮರಾಠಿಯಲ್ಲಿ ಪರಿಚಯಿಸಿದರು. ಯಾಕೆ ಹಾಗೆ ಮಾಡುತ್ತಿದ್ದಾರೆ ಎಂದು ಮೂರನೆಯವರ ಹೊತ್ತಿಗೆ ನನಗೆ ಅರ್ಥವಾಯಿತು. ಅಲ್ಲಿಂದ ಮುಂದೆ ಅವರು ಪರಿಚಯಿಸುವ ಮೊದಲೇ ನಾನು ಕೈಮುಗಿದು, ಅವರ ಮಗಳ ಮೇಲೆ ಬಂದ ಆರೋಪ ಸುಳ್ಳು, ತಪ್ಪು ಮಾಡಿದವನು ನಾನು ಎಂದು ಹೇಳತೊಡಗಿದೆ.

ಮಹಾದೇವಿ ಈಗ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆಂದು ಕೇಳಿದ್ದೇನೆ. ನನ್ನ ಜೊತೆ ಅವಳು ಮತ್ತೆ ಮಾತಾಡಲಿಲ್ಲ. ಅದು ಅವಳ ಹಕ್ಕು. ಆಮೇಲಿನ ಒಂಬತ್ತು ವರ್ಷದ ಸರ್ವೀಸಿನಲ್ಲಿ ಖಾತೆ ಮುಚ್ಚಬೇಕೆನ್ನಿಸುವ ಸಂದರ್ಭ ನನಗೆ ಹಲವು ಸಲ ಬಂತು. ಪ್ರತಿ ಸಲವೂ ಮೊದಲು ಎದ್ದು ಆ ಮನುಷ್ಯ ಕೂತಿದ್ದಲ್ಲಿಗೆ ಹೋಗಿ, ನೀವು ಏನು ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದೆ. ಹತ್ತರಲ್ಲಿ ಒಂಬತ್ತು ಸಲ, ಮುಚ್ಚದೆ ಮೆಟ್ಟಿಲಿಳಿದು ಬಂದಿದ್ದೇನೆ.