ನೀಲಕ್ಕ ಬಡಿದ ಸಜ್ಜೆ ರೊಟ್ಟಿ

ಆಗ ನಮ್ಮ ಓಣಿಯಲ್ಲಿ ಯಾರ ಮನೆಯ ಒಲೆ ಮೊದಲು ಹೊತ್ತಿತು ಎಂಬುದನ್ನು ಕೌದಿಯೊಳಗೆ ಮಲಗಿಕೊಂಡೇ ಹೇಳಬಹುದಿತ್ತು. ರೊಟ್ಟಿ ಬಡಿಯುವ ಸಪ್ಪಳವೇ ಗುರುತು. ಎದುರು ಮನೆಯ ಗುರವ್ವನದು ಅವಸರದ ಕೈ, ತಗಡಿನ ಮೇಲೆ ಮಳೆ ಬಿದ್ದ ಹಾಗೆ. ನಮ್ಮ ಅವ್ವನದು ನಿಧಾನ. ನಡುನಡುವೆ ನಿಲ್ಲುತ್ತಿತ್ತು, ಯಾರನ್ನೋ ಬೈದು ಮತ್ತೆ ಶುರುವಾಗುತ್ತಿತ್ತು. ಆಮೇಲೆ ಹಂಚಿಗೆ ಬಿದ್ದ ಮೊದಲ ರೊಟ್ಟಿಯ ವಾಸನೆ, ಅದರ ಹಿಂದೆಯೇ ಕುಟ್ಟಿದ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ. ಮನಗೂಳಿಯಿಂದ ಒಳದಾರಿ ಹಿಡಿದರೆ ಸಿಗುವ ನಮ್ಮೂರಿಗೆ ಇನ್ನೂ ಕಾಲುವೆ ನೀರು ಬಂದಿರಲಿಲ್ಲ. ಕಪ್ಪು ನೆಲ, ಅದರ ತುಂಬ ಹಿಂಗಾರಿ ಜೋಳ ಮತ್ತು ಕಡಲೆ. ಅಂಥ ಒಂದು ಚಳಿಗಾಲದ ಕತೆಯನ್ನು ಹೇಳಬೇಕಾಗಿದೆ.

ಕತೆ ಎಂದು ಬರೆದ ಕೂಡಲೇ ಕಸಿವಿಸಿ ಶುರುವಾಗುತ್ತದೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಪಕ್ಕ ಇಟ್ಟು ನೋಡದೆ ನಂಬಬಾರದೆಂದು ಕಲಿತೆ; ಈಗ ಅದನ್ನೇ ಕಲಿಸುತ್ತೇನೆ. ಆದರೆ ಈ ಒಂದು ನೆನಪನ್ನು ಮಾತ್ರ ವರ್ಷಗಟ್ಟಲೆ ಯಾರ ಪಕ್ಕದಲ್ಲೂ ಇಡದೆ, ತರಗತಿಯಲ್ಲೂ ಗೆಳೆಯರಲ್ಲೂ ಹೇಳುತ್ತ ಬಂದೆ. ಅಷ್ಟು ಚೆಂದವಾಗಿತ್ತು ಅದು. ಚೆಂದವಾಗಿದ್ದ ಕಾರಣಕ್ಕೇ ಅನುಮಾನ ಬರಬೇಕಿತ್ತು.

ನೀಲಕ್ಕ ನನ್ನ ಅಕ್ಕ. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ನಾನು ನಾಲ್ಕನೆಯ ಇಯತ್ತೆ. ಹಿಂದಿನ ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವಾಗ ಯಂತ್ರದ ಬಾಯಿಗೆ ತೆನೆ ಕೊಡುತ್ತಿದ್ದಳು. ತೆನೆಯೊಂದಿಗೆ ಕೈಯೂ ಹೋಯಿತು. ವಿಜಾಪುರದ ದವಾಖಾನೆಯಿಂದ ಮನೆಗೆ ಬಂದಾಗ ಬಲಗೈಯಲ್ಲಿ ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ. ಇಂಡಿ ಕಡೆ ಕೊಟ್ಟಿದ್ದ ನಮ್ಮ ಸೋದರತ್ತೆ, ಅಪ್ಪನ ತಂಗಿ, ಅವಳನ್ನು ತನ್ನ ಮಗನಿಗೆ ತಂದುಕೊಳ್ಳುವ ಮಾತನ್ನು ತೊಟ್ಟಿಲ ದಿನಗಳಿಂದ ಆಡಿಕೊಂಡು ಬಂದಿದ್ದಳು. ಆ ಮಾತನ್ನು ಯಾರೂ ಮುರಿಯಲಿಲ್ಲ. ಆಡುವುದನ್ನು ಬಿಟ್ಟರು, ಅಷ್ಟೆ.

ಮನೆಯಲ್ಲಿ ಯಾರೂ ಅವಳನ್ನು ಹೀಗಳೆಯಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಆಯಿ, ಎಂದರೆ ಅಪ್ಪನ ತಾಯಿ, ಅವಳ ತಲೆಗೆ ತಾನೇ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಹಾಲಿನ ಕೆನೆ ತೆಗೆದಿಟ್ಟು ಕೊಡುತ್ತಿದ್ದಳು. ಆದರೆ ನೀಲಕ್ಕ ನೀರಿನ ತಂಬಿಗೆ ಕೊಡಲು ಎಡಗೈ ಚಾಚಿದರೆ, ಆಯಿ ನೋಡದವಳಂತೆ ಬೇರೆ ಕಡೆ ತಿರುಗುತ್ತಿದ್ದಳು.

"ನಿನಗ ಯಾರ ಕೆಲಸ ಹಚ್ಯಾರ ಕೂಸ? ಸುಮ್ನ ಕುಂದ್ರು," ಎನ್ನುವಳು.

"ಎಷ್ಟ ದಿನ ಕುಂದರ್ಲಿ ಆಯೀ?"

"ನಾ ಇರೂತನಕ ಕುಂದ್ರು."

"ನೀ ಹ್ವಾದ ಮ್ಯಾಲ?"

"ಎಡಗೈ ಅನ್ನಕ್ಕ ತಾಗಬಾರದವ್ವ, ಅಷ್ಟ ನಾ ಬಲ್ಲೆ," ಎಂದು ಆಯಿ ಎದ್ದುಹೋಗುತ್ತಿದ್ದಳು.

ದೀಪಾವಳಿ ಮುಗಿದ ಮೇಲಿರಬೇಕು, ಒಂದು ದಿನ ಸಾಲಿಯಿಂದ ಬಂದಾಗ ದನದ ಕೊಟ್ಟಿಗೆಯ ಹಿಂದೆ ಹೊಗೆ ಕಂಡಿತು. ಇಣುಕಿದರೆ ನೀಲಕ್ಕ. ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು, ಮೇಲೆ ಒಡಕು ಹಂಚು. ಮುಂದೆ ಹಲಗೆ, ಹಲಗೆಯ ಮೇಲೆ ಜೋಳದ ಹಿಟ್ಟಿನ ಉಂಡೆ. ಮೈತುಂಬ ಹಿಟ್ಟು, ಕಣ್ಣು ಕೆಂಪು. ಹೊಗೆಗೋ ಅಳುವಿಗೋ, ಈಗ ಹೇಳಲಾರೆ.

ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಗೊತ್ತು: ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಸವರಿ ಸುತ್ತ ತಿರುಗಿಸುತ್ತದೆ. ತಿರುಗಿಸುವ ಕೈ ಇಲ್ಲದಿದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದು ತೂತು. ನೀಲಕ್ಕನ ಮೊದಲ ರೊಟ್ಟಿಗಳೆಲ್ಲ ಹಾಗೇ ಆದವು. ಅವುಗಳನ್ನು ಮುಗಿಸುವ ಕೆಲಸ ನನ್ನದಾಯಿತು.

"ಎಕ್ಕಾ, ಇದು ರೊಟ್ಟಿ ಅಲ್ಲ, ನಕಾಶಿ."

"ಯಾವ ದೇಶದ್ದಲೇ?"

"ಯಾವುದೂ ಅಲ್ಲ. ಹರದ ದೇಶದ್ದು."

"ತಿನ್ನು ಸುಮ್ನ. ಹರದ ದೇಶದಾಗೂ ಜ್ವಾಳನ ಬೆಳೀತಾರ."

ಚಿಣ್ಣಿ ಆಡಲು ಗೆಳೆಯರು ಹಿತ್ತಲ ಗೋಡೆಯಾಚೆ ನಿಂತು ಕೂಗುತ್ತಿದ್ದರು. ನಾನು ಬಾಯಿ ತುಂಬ ಅರೆಬೆಂದ ಹಿಟ್ಟು ತುಂಬಿಕೊಂಡು ಓ ಎನ್ನಲಾಗದೆ ಒದ್ದಾಡುತ್ತಿದ್ದೆ. ಬೆಲ್ಲದ ಚೂರು ಸಿಕ್ಕ ದಿನ ಹಬ್ಬ. ಸಿಗದ ದಿನ ಬರೀ ಖಾರ, ಹಸಿ ಈರುಳ್ಳಿ.

ನೀಲಕ್ಕ ರೊಟ್ಟಿ ಬಡಿಯುವುದನ್ನು ಹೇಗೆ ಕಲಿತಳೆಂಬುದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ಅದನ್ನು ಇವತ್ತಿಗೂ ನೋಡಬಹುದು. ಉಂಡೆಯ ಕೆಳಗೆ ಒಣ ಹಿಟ್ಟು ಜಾಸ್ತಿ ಉದುರಿಸಿದಳು. ಅಂಗೈಯಿಂದ ನೇರ ಬಡಿಯದೆ, ಬಡಿದು ತುಸು ಪಕ್ಕಕ್ಕೆ ಎಳೆದಳು. ಹಾಗೆ ಎಳೆದಾಗ ರೊಟ್ಟಿ ಹಿಟ್ಟಿನ ಮೇಲೆ ತಾನೇ ಜಾರಿ ಸ್ವಲ್ಪ ತಿರುಗುತ್ತಿತ್ತು. ಬಡಿಯುವ ಕೈಯೇ ತಿರುಗಿಸುವ ಕೈಯೂ ಆಯಿತು. ಎತ್ತುವುದು ಇನ್ನೂ ಕಷ್ಟವಿತ್ತು. ಎಷ್ಟೋ ದಿನ ಬಲಗೈಯನ್ನು ಸೆರಗಿನೊಳಗೇ ಮುಚ್ಚಿಟ್ಟುಕೊಂಡು ಹೆಣಗಿದಳು. ಒಂದು ಸಂಜೆ ಸಿಟ್ಟು ಬಂದು ಸೆರಗು ಕಿತ್ತು ಸೊಂಟಕ್ಕೆ ಸಿಕ್ಕಿಸಿ, ಆ ಮೋಟು ಕೈಯನ್ನೇ ರೊಟ್ಟಿಯ ಕೆಳಗೆ ಸರಿಸಿದಳು. ಮೇಲೆ ಎಡಗೈ ಇಟ್ಟು ಎತ್ತಿ ಹಂಚಿನ ಮೇಲೆ ಹಾಸಿದಳು. ಹರಿಯಲಿಲ್ಲ. ನೀರಿನ ಬಟ್ಟೆ ಆಡಿಸಿದಳು, ತಿರುವಿದಳು, ಬೆಂಕಿಯ ಮಗ್ಗುಲಿಗೆ ಒರಗಿಸಿದಳು. ರೊಟ್ಟಿ ಉಬ್ಬಿತು.

ಹಿಂದೆ ಅವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಗಿ ಆ ರೊಟ್ಟಿಯನ್ನು ಎತ್ತಿಕೊಂಡು, ಸೆರಗಿನಲ್ಲಿ ಮುಚ್ಚಿ ಒಳಗೆ ಹೋದಳು. ಅವತ್ತಿನಿಂದ ಕೊಟ್ಟಿಗೆಯ ರೊಟ್ಟಿಗಳು ಅಡುಗೆಮನೆಯ ಬುಟ್ಟಿ ಸೇರತೊಡಗಿದವು. ಅವ್ವನ ರೊಟ್ಟಿಗಳ ನಡುವೆ ನೀಲಕ್ಕನವೂ. ಆಯಿಯ ತಾಟಿಗೂ ಬಿದ್ದವು. ದೇವರ ಎಡೆಗೆ ಮಾತ್ರ ಅವ್ವ ತನ್ನವನ್ನೇ ತೆಗೆದಿಡುತ್ತಿದ್ದಳು.

"ಯಾರಿಗೂ ಹೇಳಬ್ಯಾಡ," ಎಂದಿದ್ದಳು ನನಗೆ. "ಹೊಟ್ಟೀಗಿ ರೂಢಿ ಆಗ್ಲಿ. ಹೊಟ್ಟೀಗಿ ಆದ ಮ್ಯಾಲ ಮನಸಿಗೂ ಆಗ್ತೈತಿ."

ನೀಲಕ್ಕನಿಗೂ ಇದು ಗೊತ್ತಿತ್ತು. ಆಯಿ ಊಟ ಮಾಡುವಾಗ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಖುಷಿಯಿತ್ತೇ ಮುಖದಲ್ಲಿ? ಇತ್ತೆಂದು ನಾನು ಬಹಳ ವರ್ಷ ನಂಬಿದ್ದೆ.

ಆಮೇಲೆ ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಚರಗ ಚೆಲ್ಲಿ, ಅಂದರೆ ಅಡುಗೆಯೆಲ್ಲ ಕಲಸಿ ಹೊಲದ ಸುತ್ತ ಕೂಗು ಹಾಕುತ್ತ ಎರಚಿ, ಅಲ್ಲೇ ನೆಲದ ಮೇಲೆ ಕೂತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗಟ್ಟಿ ಮೊಸರು. ಇಂಡಿಯಿಂದ ಅತ್ತೆಯೂ ಬಂದಿದ್ದಳು. ಹೊಲದ ತುಂಬ ಕುಸುಬೆ ಹಳದಿ ಹೂ ಬಿಟ್ಟಿತ್ತೆಂದು ನನ್ನ ಕಣ್ಣು ಇವತ್ತಿಗೂ ಸಾಧಿಸುತ್ತದೆ. ಆದರೆ ಕುಸುಬೆ ಅಷ್ಟು ಬೇಗ ಅರಳುವುದಿಲ್ಲ. ಯಾವುದೋ ಬೇರೆ ತಿಂಗಳ ಹಳದಿಯನ್ನು ತಂದು ಅಲ್ಲಿ ಬಳಿದಿದ್ದೇನೆ. ಇನ್ನೇನೇನು ಬಳಿದಿದ್ದೇನೋ.

ಎಲ್ಲರೂ ಸುತ್ತ ಕೂತಿದ್ದೆವು. ಅತ್ತೆ ಸಜ್ಜೆ ರೊಟ್ಟಿ ಮುರಿದಳು. ಅದು ಟಪ್ಪೆಂದಿತು.

"ಯವ್ವಾ, ಎಟ್ಟ ತೆಳ್ಳಗ ಬಡದೀ ವೈನಿ! ಹಪ್ಪಳ ಆಗೇತಿ ನೋಡು," ಎಂದಳು ಅವ್ವನಿಗೆ. "ನಿನ್ನ ಕೈ ಇನ್ನೂ ಹಂಗ ಐತಿ. ನಮ್ಮ ಮನ್ಯಾಗ ಒಬ್ಬಾಕಿಗೂ ಹಿಂಗ ಬರೂದುಲ್ಲ."

ಅವ್ವ ತಲೆ ತಗ್ಗಿಸಿ ಪಲ್ಯ ಬಡಿಸುತ್ತಿದ್ದಳು. ಆಯಿ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ನಮ್ಮ ಸೊಸಿ ಕೈ ಅಂದ್ರ ಏನಂದಿ," ಎಂದಳು.

ಆಗ ನೀಲಕ್ಕ ಹೇಳಿದಳು. ದನಿ ಎತ್ತರಿಸಲಿಲ್ಲ.

"ಅವ್ವ ಬಡದಿಲ್ಲ ಅತ್ತೀ. ಅವು ನಾ ಬಡದಾವು. ಈ ಎಡಗೈಲಿ."

ಜೋಳದ ಎಲೆಗಳ ಸಪ್ಪಳ. ಅತ್ತೆ ಮುರಿದ ಚೂರನ್ನು ತಾಟಿನ ಅಂಚಿಗೆ ಇಟ್ಟಳು. ಅಪ್ಪ ಎತ್ತು ನೋಡುವ ನೆವದಲ್ಲಿ ಎದ್ದ. ಉಳಿದವಳು ಆಯಿ, ಕೈಯಲ್ಲಿ ಅರ್ಧ ರೊಟ್ಟಿ. ಎಲ್ಲರ ಕಣ್ಣೂ ಆ ಕೈಯ ಮೇಲೆ. ಆಯಿ ತಿಂದರೆ ಮನೆ ತಿನ್ನುತ್ತದೆ, ಆಯಿ ಬಿಟ್ಟರೆ ನೀಲಕ್ಕ ಜೀವನವಿಡೀ ಕುಳಿತೇ ಇರಬೇಕು. ಅಷ್ಟು ಆ ವಯಸ್ಸಿಗೇ ನನಗೆ ತಿಳಿದಿತ್ತು.

ನಾನು ಇಷ್ಟು ವರ್ಷ ಹೇಳುತ್ತ ಬಂದ ಕತೆಯಲ್ಲಿ ಆಯಿ ತಿನ್ನುತ್ತಾಳೆ. ಮೊಸರಿಗೆ ಅದ್ದಿ, ಬಾಯಿಗೆ ಇಟ್ಟುಕೊಳ್ಳುತ್ತಾಳೆ. ಅವಳ ಗಲ್ಲಕ್ಕೆ ಅಂಟಿದ ಎಳ್ಳಿನ ಕಾಳು ಕೂಡ ನನಗೆ ಕಾಣುತ್ತದೆ.

ಕಳೆದ ಬೇಸಿಗೆಯಲ್ಲಿ ಸಿಂದಗಿಗೆ ಹೋಗಿದ್ದೆ. ನೀಲಕ್ಕನ ಖಾನಾವಳಿ ಇರುವುದು ಅಲ್ಲಿ. ಅದನ್ನು ಅವಳು ಕಟ್ಟಿದ ಬಗೆಯನ್ನು ಎರಡು ಮಾತಿನಲ್ಲಿ ಮುಗಿಸುವುದು ಅನ್ಯಾಯ, ಆದರೆ ಅವಳೇ ಹೆಚ್ಚು ಹೇಳುವವಳಲ್ಲ. ಆ ಎಳ್ಳಮಾಸಿಯ ಮರುತಿಂಗಳೇ ಸಿಂದಗಿಯ ಸೋದರಮಾವನ ಮನೆಗೆ ಹೋದಳು. ಕೆಲವು ವರ್ಷ ಮನೆಮನೆಗೆ ಚಟ್ನಿ ಕುಟ್ಟಿಕೊಟ್ಟಳು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಒಲೆ ಹೂಡಿದಾಗ ಮಾವ, ಒಲೆ ಒಳಗಿರಲಿ, ಬಡಿಯುವವರು ಕಾಣಬಾರದು, ಎಂದನಂತೆ. ಅವಳು ಒಲೆಯನ್ನು ಬಾಗಿಲಿಗೇ ತಂದಿಟ್ಟಳು, ದಾರಿಗೆ ಮುಖ ಮಾಡಿ. ಜನ ಬರುತ್ತಿದ್ದರು, ಕೈ ನೋಡುತ್ತಿದ್ದರು, ಮುಂದಿನ ಖಾನಾವಳಿಗೆ ಹೋಗುತ್ತಿದ್ದರು. ಹಿಟ್ಟು ಹಾಳಾಗುತ್ತಿತ್ತು. ಮೊದಲು ಕೂತವರು ಲಾರಿಯವರು; ಯಾವ ಕೈಯೆಂದು ನೋಡಲು ಅವರಿಗೆ ಪುರಸತ್ತು ಇರಲಿಲ್ಲ. ಆಮೇಲೆ ಕಚೇರಿಯವರು, ಮಾಸ್ತರರು. ಈಗ ಅವಳ ಕೈಕೆಳಗೆ ಹತ್ತಾರು ಹೆಂಗಸರಿದ್ದಾರೆ. ಮುದ್ದೇಬಿಹಾಳ, ಬಾಗೇವಾಡಿ, ಇಂಡಿಯ ಮದುವೆಗಳಿಗೆ ಅಲ್ಲಿಂದ ರೊಟ್ಟಿ ಹೋಗುತ್ತದೆ. ಕೂದಲು ನೆರೆತರೂ ಬೆಳಗಿನ ಮೊದಲ ಬುಟ್ಟಿಯನ್ನು ಅವಳೇ ಬಡಿಯುತ್ತಾಳೆ.

ಅವತ್ತು ಊಟಕ್ಕೆ ಕೂತಿದ್ದ ಯಾರೋ ಒಬ್ಬರಿಗೆ ನಾನು ಉತ್ಸಾಹದಿಂದ ಆಯಿಯ ಕತೆ ಹೇಳತೊಡಗಿದೆ. ನೀಲಕ್ಕ ಕೈ ನಿಲ್ಲಿಸಿದಳು.

"ಯಾರು ತಿಂದ್ರು?"

"ಆಯಿ. ಮೊಸರಾಗ ಅದ್ದಿ..."

"ಆಯಿ ಕೈ ತೊಳಕೊಂಡು ಎದ್ದಳೋ ತಮ್ಮಾ. ಬಾಯಾಗಿಂದ ಸೈತ ಉಗುಳಿದ್ಳು. ನಾ ಎದುರಿಗೇ ಕುಂತಿದ್ನಿ."

ಊಟ ಅರ್ಧಕ್ಕೆ ಬಿಟ್ಟು ಊರಿನ ಬಸ್ ಹಿಡಿದೆ. ಅವ್ವನಿಗೆ ಈಗ ಕಿವಿ ಮಂದ. ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಕೂಗಿ ಕೇಳಿದೆ.

"ತಿನ್ನಲೂ ಇಲ್ಲ, ಉಗುಳಲೂ ಇಲ್ಲ," ಎಂದಳು ಅವ್ವ. "ಹಿಡಕೊಂಡ ಕುಂತ್ಳು. ಆಮ್ಯಾಲ ಸೆರಗಿನಾಗ ಕಟಗೊಂಡು ಮನೀಗಿ ತಂದ್ಳು."

"ತಂದು ಏನ್ ಮಾಡಿದ್ಳು?"

"ನನಗೇನ್ ಗೊತ್ತು? ನಾ ಎಮ್ಮಿ ಹಿಂಡಾಕ ಹೋದ್ನಿ."

ಅವತ್ತಿನ ಒಂದೇ ಕೈ, ಅರ್ಧ ರೊಟ್ಟಿ, ಮೂವರು ಸಾಕ್ಷಿಗಳು. ಮೂವರೂ ನೋಡಿದ್ದೇವೆ, ಯಾರೂ ಸುಳ್ಳು ಹೇಳುತ್ತಿಲ್ಲ. ನಾನು ಕಂಡ ಎಳ್ಳಿನ ಕಾಳು ಬೇರೆ ಯಾವ ಹಬ್ಬದ್ದೋ ಇರಬಹುದು. ನೀಲಕ್ಕನ ಉಗುಳು ಸಿಟ್ಟಿನಲ್ಲಿ ಹುಟ್ಟಿದ್ದಿರಬಹುದು. ಅವ್ವನ ಸೆರಗಿನ ಗಂಟನ್ನು ನಂಬಬೇಕೆನ್ನಿಸುತ್ತದೆ, ಆದರೆ ನನಗೆ ನಂಬಬೇಕೆನ್ನಿಸುವುದೇ ಅದರ ವಿರುದ್ಧದ ಕಾರಣ.

ಅವತ್ತು ಊರಲ್ಲೇ ಉಳಿದೆ. ಬೆಳಿಗ್ಗೆ ಎಚ್ಚರಾದಾಗ ಓಣಿ ನಿಶ್ಶಬ್ದವಾಗಿತ್ತು. ಯಾವುದೋ ಮನೆಯಲ್ಲಿ ಕುಕ್ಕರ್ ಸೀಟಿ, ಯಾರದೋ ಮೊಬೈಲು. ರೊಟ್ಟಿಯನ್ನು ಈಗ ಎಲ್ಲರೂ ಪೊಟ್ಟಣದಲ್ಲಿ ತರುತ್ತಾರೆ. ಎಳ್ಳಮಾಸಿಗೂ ಅಷ್ಟೆ, ಸಿಂದಗಿಯಿಂದ, ನೀಲಕ್ಕನ ಖಾನಾವಳಿಯಿಂದಲೇ, ಡಬ್ಬಿಗಳು ಬರುತ್ತವೆ. ಯಾರ ಕೈ ಬಡಿದದ್ದೆಂದು ಒಬ್ಬರೂ ಕೇಳುವುದಿಲ್ಲ. ಹಳೆಯ ಕ್ರೌರ್ಯ ಹೋಯಿತೆಂದು ನಾನು ಸಂತೋಷಪಡಬೇಕು, ಪಡುತ್ತೇನೆ ಕೂಡ. ಆದರೆ ಗುರವ್ವನ ಅವಸರ, ಅವ್ವನ ನಿಧಾನ ಎಂದು ಕಣ್ಣು ಮುಚ್ಚಿ ಗುರುತಿಸುತ್ತಿದ್ದ ಕಿವಿಯೂ ಅದರೊಂದಿಗೇ ಹೋಗಿದೆ. ಆಯಿ ಬಹಳ ವರ್ಷ ಬದುಕಿದ್ದಳು. ಕಡೆಗಾಲದಲ್ಲಿ ಅವಳ ಮಗ್ಗುಲಲ್ಲಿ ಎಷ್ಟೋ ಮಧ್ಯಾಹ್ನ ಕೂತಿದ್ದೇನೆ, ಒಂದು ಸಲವಾದರೂ ಕೇಳಬಹುದಿತ್ತು. ಆಗ ನನಗೆ ಪ್ರಶ್ನೆಯೇ ಇರಲಿಲ್ಲ, ಉತ್ತರ ಗೊತ್ತಿದೆಯೆಂದುಕೊಂಡಿದ್ದೆ.

ಮರಳುವಾಗ ಮತ್ತೆ ಸಿಂದಗಿಯಲ್ಲಿ ಇಳಿದೆ. ಅವ್ವ ಹೇಳಿದ್ದನ್ನು ನೀಲಕ್ಕನಿಗೆ ಹೇಳಿದೆ. ಅವಳು ಬಡಿಯುತ್ತಲೇ ಕೇಳಿಸಿಕೊಂಡಳು.

"ನಿನಗ ಖರೇ ತಿಳೀಬೇಕು ಅನಸೂದುಲ್ಲೇನ ಎಕ್ಕಾ?"

"ವಾರಗಟ್ಟಲೆ ಗೊತ್ತಿಲ್ಲದ ತಿಂದ್ಳಲ್ಲ, ಅದಕ್ಕ ನಾ ಸಂದ್ಯಾಗ ನಿಂತು ಅಳ್ತಿದ್ನಿ," ಎಂದಳು. "ಕದ್ದು ಉಣಿಸಿದ್ದು ಉಣಿಸಿದಂಗಲ್ಲ. ಆವತ್ತ ತಿಂದಿರ್ಲಿ, ಉಗುಳಿರ್ಲಿ, ಗೊತ್ತಿದ್ದು ಮಾಡಿದ್ಳು."

ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ಮಾಸ್ತರನಾದ ತಮ್ಮನಿಗೆ ಪಾಠ ಹೇಳುವವಳಂತೆ, "ಆಯಿದು ನಿನಗ ಹೆಂಗ ಬೇಕೋ ಹಂಗ ಬರಕೋ," ಎಂದಳು. "ಎಲ್ಲಾರ ಮುಂದ ನಾ ಬಾಯಿಬಿಟ್ಟು ಹೇಳಿದ್ನಿ ನೋಡು, ಅದನ್ನಷ್ಟ ಬಿಡಬ್ಯಾಡ."