ಜಮಖಾನೆ ದಾಟಿದ ಮಾತು

ಇದನ್ನು ಹೇಳಬೇಕೆಂದುಕೊಂಡೇ ಹೇಳದೆ ವರ್ಷಗಳನ್ನು ಕಳೆದೆ. ಮೊನ್ನೆ ಸೊಸೆ ಮೊಮ್ಮಗುವಿಗೆ ಆರತಿ ಎತ್ತುವಾಗ ಕೆಂಪು ನೀರು ಚೆಲ್ಲಿ ಪರಸಿಕಲ್ಲಿನ ನೆಲದ ಮೇಲೆ ಹರಿಯಿತು. ಇನ್ನು ತಡೆಯಲಾಗಲಿಲ್ಲ...

ಶಿಗ್ಗಾವಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಆಂಬುಲೆನ್ಸ್ ಓಡಿಸುತ್ತಿದ್ದೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವುದನ್ನು ಅಲ್ಲಿನ ದೊಡ್ಡ ಸಿಸ್ಟರ್, ಎಲ್ಲರಿಗೂ ಹಿರಿಯ ನರ್ಸ್, ಉಳಿದ ನರ್ಸುಗಳಿಗೆ ನಾಟಕ ಮಾಡಿಸಿ ಕಲಿಸುತ್ತಿದ್ದರು. ಬಾಣಂತಿ ನಾನೇ. ಸೀರೆ ಸುತ್ತಿಕೊಂಡು, ಅಡಿಯಲ್ಲಿ ಕುಂಕುಮದ ನೀರಿನ ಚೀಲ ಇಟ್ಟುಕೊಂಡು ಮಲಗುತ್ತಿದ್ದೆ. "ಬಾಣಂತಿಗೆ ಮೀಸಿ ಬಂದಾವ ನೋಡ್ರಿ!" ಎಂದು ಆಯಾ ನಗುತ್ತಿದ್ದಳು.

ನಾಟಕಕ್ಕಿಂತ ಆಮೇಲಿನ ಮಾತು ದೊಡ್ಡದು ಎನ್ನುತ್ತಿದ್ದರು ಸಿಸ್ಟರ್. ಜಮಖಾನೆ ಹಾಸಿ ಎಲ್ಲರನ್ನೂ ಸುತ್ತ ಕೂಡಿಸಿ ಮೊದಲು ನನ್ನನ್ನೇ ಕೇಳುವರು: "ಮಲಕೊಂಡಾವರಿಗೆ ಏನ ಅನಿಸ್ತು, ಹೇಳ್ರಿ." ತಪ್ಪು ಯಾರದೆಂದು ಕೇಳುತ್ತಿರಲಿಲ್ಲ, ಆ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತು ಎಂದಷ್ಟೇ. ಅಲ್ಲಿ ಆಡಿದ ಮಾತು ಜಮಖಾನೆ ದಾಟಬಾರದು, ಅದೊಂದೇ ಕಟ್ಟಳೆ.

ಒಮ್ಮೆ ಹೊಸ ನರ್ಸೊಬ್ಬಳು ಸೂಜಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. "ಎಷ್ಟು ಕೊಡಬೇಕಂತ ಅನುಮಾನ ಬಂತ್ರಿ. ಡಾಕ್ಟರ್ ಬೈತಾರಂತ ಅಂಜಿ ಕೇಳಲಿಲ್ಲ," ಎಂದು ಆಮೇಲೆ ಜಮಖಾನೆಯ ಮೇಲೆ ಕೂತು ಅತ್ತಳು.

"ಚಲೋ ಆತು, ಇಲ್ಲೇ ಹೇಳಿದಿ. ಖರೇ ಬಾಣಂತಿ ಮುಂದ ನಿಂತಾಗ ಕೇಳಾಕ ಬರ್ತೈತಿ," ಎಂದರು ಸಿಸ್ಟರ್.

ನಾನು ಆ ಅಳುವನ್ನು ಚಹಾದಂಗಡಿಯಲ್ಲಿ ನಕಲು ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾತು ಡಾಕ್ಟರ ಕಿವಿಗೂ ಹೋಗಿ ಆ ಹುಡುಗಿ ಬೈಸಿಕೊಂಡಳು. ಮುಂದಿನ ಸಲ ಜಮಖಾನೆಯ ಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ಸಿಸ್ಟರ್ ಎದ್ದು ಆ ಹುಡುಗಿಯ ಎದುರಿಗೆ ಬಂದು ಕುಳಿತರು. "ಮಾತು ಹೊರಗ ಹೋಗೈತಿ. ಕೂಡಿಸಿದಾಕಿ ನಾನು, ತಪ್ಪು ನಂದು. ಮಾಫ್ ಮಾಡವ್ವಾ," ಎಂದು ಆ ಹುಡುಗಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳ್ರಿ," ಎಂದರು.

ಮಾತು ಹೊರಗೆ ಒಯ್ದವನು ನಾನೇ ಎಂದು ಹೇಳಬಹುದಿತ್ತು. "ನೀರು ಭಾಳ ತಣ್ಣಗಿತ್ರಿ," ಎಂದೆ. ಎಲ್ಲರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ...

ಆದರೂ ಅವರು ಹಟ ಬಿಡಲಿಲ್ಲ. ವಾರವಾರವೂ ಕೂಡಿಸಿದರು, ತಾವು ಎಡವಿದ್ದನ್ನೇ ಮೊದಲು ಹೇಳಿಕೊಂಡರು. ಆ ಹುಡುಗಿ ಮತ್ತೆ ಮನಸ್ಸು ಬಿಚ್ಚಿ ಮಾತಾಡಲು ತಿಂಗಳುಗಳೇ ಹಿಡಿದವು.

ಅವಳೀಗ ಹಾನಗಲ್ಲಿನಲ್ಲಿ ಹೊಸಬರಿಗೆ ಕಲಿಸುತ್ತಾಳಂತೆ. ನಾಳೆ ಹೋಗುತ್ತೇನೆ. ಅವಳ ಶಿಷ್ಯರೆಲ್ಲ ಕುಳಿತಿರುವಾಗಲೇ ಹೇಳುತ್ತೇನೆ. ಬೈದರೆ ಬೈಯಲಿ, ಎದ್ದು ಬರುವುದಿಲ್ಲ.

ಇನ್ನೊಬ್ಬರ ಬಳಿಗೆ ಹೋಗಲು ದಾರಿಯಿಲ್ಲ. ಹೋದ ವರ್ಷ ಸವಣೂರಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಒಂದು ಹಿಡಿ ಮಣ್ಣು ಹಾಕಿ ಬಂದೆ. ತಪ್ಪಾಯಿತು ಎಂದು ನಾನು ಒಮ್ಮೆಯೂ ಅನ್ನದೇ ಉಳಿದದ್ದು ಅವರಿಗೆ, ನಮ್ಮ ದೊಡ್ಡ ಸಿಸ್ಟರಿಗೆ.